ಅಭಿಮಾನಿಗಳ ಹಣ ಯಾವ ಖಾತೆಗೆ?

ನಮ್ಮ ಭಾಯಿಜಾನ್ ಡ್ರಮ್ ಬಾರಿಸುತ್ತಾರೆ. ಅವರ ಬ್ಯಾಂಡಿನಲ್ಲಿ ನಾಲ್ಕು ಜನ. ಗಿಟಾರ್ ಅಣ್ಣ ಸುಳೇಭಾವಿಯವರು, ಬೇಸ್ ಗಿಟಾರಿನವರು ನಮ್ಮ ಸಾಂಬ್ರಾದವರೇ, ಹಾಡುವವರು ಬೆಳಗಾವಿಯ ಶಹಾಪುರದವರು. ಒಬ್ಬರ ಮನೆಮಾತು ಕನ್ನಡ, ಇಬ್ಬರದು ಮರಾಠಿ, ನಮ್ಮದು ಉರ್ದು. ಹಾಡುವುದು ಮಾತ್ರ ಕನ್ನಡದಲ್ಲಿ. ಅಬ್ಬಾ ಅವರ ಬಡಗಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ರವಿವಾರ ಮಧ್ಯಾಹ್ನ ಅಭ್ಯಾಸ ನಡೆಯುತ್ತದೆ. ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ಮೇಲೆ ವಿಮಾನ ಹೋದಾಗ ಹಾಡು ನಿಲ್ಲಿಸಿ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಸುಳೇಭಾವಿ ಎಂದರೆ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಊರು. ಹಾಗಾಗಿ ಗಿಟಾರ್ ಅಣ್ಣ ಶ್ರುತಿ ತಪ್ಪಿದಾಗಲೆಲ್ಲ ಉಳಿದವರು ಅವರ ಊರಿನ ಹೆಸರು ಹೇಳಿ ಕಾಡಿಸುತ್ತಾರೆ.

ಈ ನಾಲ್ವರಿಗೆ ಐದು ಹಾಡುಗಳ ಒಂದು ರೆಕಾರ್ಡ್ ಮಾಡಬೇಕಾಗಿದೆ. ಎರಡು ಶಿಶುನಾಳ ಶರೀಫರ ತತ್ವಪದ, ಮೂರು ಅವರೇ ಬರೆದದ್ದು. ಹಣ ಇಲ್ಲ. ಭಾಯಿಜಾನ್ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಇನ್ನಿಬ್ಬರು ಇನ್ನೂ ಓದುತ್ತಿದ್ದಾರೆ. ಆದ್ದರಿಂದ ತಮ್ಮ ಹಾಡು ಕೇಳುವವರಿಂದಲೇ ಹಣ ಸೇರಿಸೋಣ ಎಂದು ತೀರ್ಮಾನಿಸಿದರು. ಲೆಕ್ಕ ಬರೆಯುವ ಕೆಲಸ ನನ್ನ ಮೇಲೆ ಬಿತ್ತು, ಏಕೆಂದರೆ ಆ ಶೆಡ್ಡಿನ ಸುತ್ತಮುತ್ತ ಕಾಮರ್ಸ್ ಓದುತ್ತಿರುವವಳು ನಾನೊಬ್ಬಳೇ.

ಸುಲಭದ ಕೆಲಸ ಅಂದುಕೊಂಡಿದ್ದೆ. ಒಂದು ನೋಟ್‌ಬುಕ್ ತಂದು ಎಡಗಡೆ ಬಂದದ್ದು, ಬಲಗಡೆ ಹೋದದ್ದು ಎಂದು ಗೆರೆ ಎಳೆದೆ. ಮೊದಲನೆಯ 200 ರೂಪಾಯಿ ಬಂದ ದಿನವೇ ಪೆನ್ನು ನಿಂತಿತು. ಈ ಹಣ ಏನು? ದಾನವೇ, ಮಾರಾಟವೇ, ಸಾಲವೇ, ಬಂಡವಾಳವೇ? ಬೇಸ್ ಗಿಟಾರಿನ ಅಣ್ಣ ನಕ್ಕರು. "ಏ ತಂಗಿ, ಮಂದಿ ರೊಕ್ಕ ಕೊಡ್ತಾರ, ನಾವು ಹಾಡು ಕೊಡ್ತೀವಿ. ಇದರಾಗ ತಲಿ ಕೆಡಿಸ್ಕೊಳ್ಳೂದು ಏನೈತಿ?"

ತಲೆ ಕೆಡಿಸಿಕೊಳ್ಳುವುದು ಬಹಳ ಇದೆ. ಅದಕ್ಕೇ ಈ ಲೇಖನ.

ಮೊದಲು, ರೆಕಾರ್ಡಿಗೆ ಸಾಮಾನ್ಯವಾಗಿ ಹಣ ಎಲ್ಲಿಂದ ಬರುತ್ತದೆ ನೋಡೋಣ. ಹಳೆಯ ದಾರಿ ಎಂದರೆ ರೆಕಾರ್ಡ್ ಕಂಪನಿ. ಕಂಪನಿ ಬ್ಯಾಂಡಿಗೆ ಮುಂಗಡ ಕೊಡುತ್ತದೆ, ಸ್ಟುಡಿಯೋ ಖರ್ಚು ನೋಡಿಕೊಳ್ಳುತ್ತದೆ. ಮಾರಾಟವಾದ ಮೇಲೆ ಕಲಾವಿದರ ಪಾಲಿನಿಂದಲೇ ಆ ಮುಂಗಡವನ್ನು ಮುರಿದುಕೊಳ್ಳುತ್ತದೆ. ಮೂಲ ಧ್ವನಿಮುದ್ರಣದ ಹಕ್ಕು ಹೆಚ್ಚಾಗಿ ಕಂಪನಿಯ ಬಳಿಯೇ ಉಳಿಯುತ್ತದೆ. ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ನಮ್ಮ ಬ್ಯಾಂಡಿನಂಥ ಎಷ್ಟೋ ಬ್ಯಾಂಡುಗಳಿಗೆ ಹುಚ್ಚು ಹಿಡಿಸಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ತಮ್ಮ ಕಂಪನಿಯಿಂದ ಅದನ್ನು ಹೊರತಂದರು. ಅಂಥ ಕಂಪನಿ ಎಲ್ಲರಿಗೂ ಸಿಗುವುದಿಲ್ಲ. ಸಾಂಬ್ರಾದ ಶೆಡ್ಡಿಗೆ ಹುಡುಕಿಕೊಂಡು ಬರುವುದಂತೂ ದೂರದ ಮಾತು. ಹಾಡನ್ನು ಅಂತರ್ಜಾಲದಲ್ಲಿ ಹಾಕಿದರೆ ಒಮ್ಮೆ ಕೇಳಿದ್ದಕ್ಕೆ ಬರುವುದು ಪೈಸೆಗಳ ಲೆಕ್ಕ, ಅದೂ ರೆಕಾರ್ಡ್ ಆದ ಮೇಲೆ. ರೆಕಾರ್ಡ್ ಮಾಡಲು ಬೇಕಾದ ಹಣ ಮಾತ್ರ ಮೊದಲೇ ಬೇಕು.

ಹಾಗಾದರೆ ಕೇಳುವವರೇ ಮೊದಲು ಹಣ ಕೊಟ್ಟರೆ ಹೇಗೆ? ಹೀಗೆ ಯೋಚಿಸಿ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಇಂಗ್ಲೆಂಡಿನ ಮಾರಿಲಿಯನ್ ಎಂಬ ರಾಕ್ ಬ್ಯಾಂಡ್. 1997ರಲ್ಲಿ ಅವರಿಗೆ ಅಮೆರಿಕಕ್ಕೆ ಹೋಗಿ ಕಾರ್ಯಕ್ರಮ ಕೊಡಲು ಹಣ ಇರಲಿಲ್ಲ. ಈ ವಿಷಯ ತಿಳಿದ ಅಲ್ಲಿಯ ಅಭಿಮಾನಿಗಳು ತಾವೇ ಒಗ್ಗೂಡಿ ಸುಮಾರು 60,000 ಡಾಲರ್ ಸೇರಿಸಿಕೊಟ್ಟರು. ಬ್ಯಾಂಡ್ ಕೇಳಿರಲೇ ಇಲ್ಲ! ಅದರಿಂದ ಧೈರ್ಯ ಬಂದು, ಮುಂದಿನ ಆಲ್ಬಂ ತಯಾರಾಗುವ ಮೊದಲೇ ಅಭಿಮಾನಿಗಳಿಗೆ ಪತ್ರ ಬರೆದು ಮುಂಗಡವಾಗಿ ಕೊಂಡುಕೊಳ್ಳುತ್ತೀರಾ ಎಂದು ಕೇಳಿದರು. 12,000ಕ್ಕೂ ಹೆಚ್ಚು ಜನ ಹಣ ಕಳಿಸಿದರು. 2001ರಲ್ಲಿ ಆಲ್ಬಂ ಬಂತು. 2004ರ ಆಲ್ಬಂಗೆ ಮುಂಗಡ ಕೊಟ್ಟವರ ಹೆಸರುಗಳನ್ನು ಅದರ ಜೊತೆ ಬಂದ ಪುಸ್ತಕದಲ್ಲೇ ಅಚ್ಚು ಹಾಕಿಸಿದರು. ಹಾಡು ಇನ್ನೂ ಹುಟ್ಟಿಯೇ ಇಲ್ಲದಾಗ ಹಣ ಕೊಡುವುದೆಂದರೆ ಆ ಜನರ ಮೇಲೆ ಎಷ್ಟು ನಂಬಿಕೆ ಇರಬೇಕು ಯೋಚಿಸಿ.

ಆಮೇಲೆ ಇದಕ್ಕೆಂದೇ ಸಂಸ್ಥೆಗಳು ಹುಟ್ಟಿಕೊಂಡವು. ಅಮೆರಿಕದ ಮರಿಯಾ ಶ್ನೈಡರ್ ಎಂಬ ಜಾಝ್ ಸಂಯೋಜಕಿ ಆರ್ಟಿಸ್ಟ್‌ಶೇರ್ ಎಂಬ ಸಂಸ್ಥೆಯ ಮೂಲಕ ಕೇಳುಗರಿಂದಲೇ ಹಣ ಪಡೆದು ಮಾಡಿದ ಆಲ್ಬಂಗೆ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಆ ಆಲ್ಬಂ ಅಂಗಡಿಗಳಲ್ಲಿ ಮಾರಾಟಕ್ಕೇ ಇರಲಿಲ್ಲ. 2009ರಲ್ಲಿ ಕಿಕ್‌ಸ್ಟಾರ್ಟರ್ ಶುರುವಾಯಿತು. ಅದರ ನಿಯಮ ನನಗೆ ಬಹಳ ಹಿಡಿಸಿತು: ಗುರಿ ಇಟ್ಟಷ್ಟು ಹಣ ನಿಗದಿತ ದಿನದೊಳಗೆ ಸೇರಿದರೆ ಮಾತ್ರ ಹಣ ಕೈಗೆ ಬರುತ್ತದೆ, ಸೇರದಿದ್ದರೆ ಯಾರ ಹಣವೂ ಕಡಿತವಾಗುವುದಿಲ್ಲ. ಅರ್ಧ ಹಣ ಹಿಡಿದುಕೊಂಡು ಅರ್ಧ ಕೆಲಸ ಮಾಡುವ ಗೋಜೇ ಇಲ್ಲ.

ಇನ್ನು ನಮ್ಮಲ್ಲಿ. ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಸಿನಿಮಾದ್ದು. ನಿರ್ದೇಶಕ ಪವನ್ ಕುಮಾರ್ 'ಲೈಫು ಇಷ್ಟೇನೆ' ಮಾಡಿದ ಮೇಲೆ 'ಲೂಸಿಯಾ' ಕಥೆ ಹಿಡಿದು ನಿರ್ಮಾಪಕರನ್ನು ಹುಡುಕಿದರು. ಯಾರೂ ಮುಂದೆ ಬರಲಿಲ್ಲ. ಆಗ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಅಂತರ್ಜಾಲದಲ್ಲಿ ಬರೆದು, ಪ್ರೇಕ್ಷಕರೇ ನಿರ್ಮಾಪಕರಾಗಬಹುದಲ್ಲ ಎಂದು ಕೇಳಿದರು. 27 ದಿನಗಳಲ್ಲಿ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಬಂತು. ನೀನಾಸಂ ಸತೀಶ್ ನಾಯಕ, ಶ್ರುತಿ ಹರಿಹರನ್ ನಾಯಕಿ, ಪೂರ್ಣಚಂದ್ರ ತೇಜಸ್ವಿ ಸಂಗೀತ. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆದು, ಸೆಪ್ಟೆಂಬರ್ 6ರಂದು ಇಲ್ಲಿ ಬಿಡುಗಡೆಯಾಯಿತು. ಮುಂದೆ ತಮಿಳಿಗೂ ಹೋಯಿತು.

ಭಾಯಿಜಾನ್ ಯಾವಾಗಲೂ ಈ ಉದಾಹರಣೆಯನ್ನೇ ಹೇಳುತ್ತಾರೆ. ನಾನು ಭಾಗಾಕಾರ ಮಾಡಿ ನೋಡಿದೆ. 50 ಲಕ್ಷವನ್ನು 110 ಜನರಿಗೆ ಹಂಚಿದರೆ ಸರಾಸರಿ ತಲೆಗೆ 45,000 ರೂಪಾಯಿ. ಅದು ಅಭಿಮಾನದಿಂದ ಜೇಬಿನಿಂದ ತೆಗೆದುಕೊಡುವ ಮೊತ್ತ ಅಲ್ಲ. ಅವರು ಹೂಡಿಕೆದಾರರು. ಚಿತ್ರ ಗೆದ್ದರೆ ಪಾಲು, ಸೋತರೆ ನಷ್ಟ. ಇದರ ಪಕ್ಕದಲ್ಲಿ ಇನ್ನೊಂದು ಸಿನಿಮಾ ಇಟ್ಟು ನೋಡಿ. 1976ರಲ್ಲಿ ಶ್ಯಾಮ್ ಬೆನಗಲ್ ಹಿಂದಿಯಲ್ಲಿ 'ಮಂಥನ್' ಮಾಡಿದರು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಹೋಗುವ ಡಾಕ್ಟರ್. ಆ ಚಿತ್ರಕ್ಕೆ ಹಣ ಕೊಟ್ಟವರು ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕ ರೈತರು, ತಲೆಗೆ 2 ರೂಪಾಯಿಯಂತೆ. ಅವರು ಲಾಭ ನೋಡಿ ಕೊಟ್ಟವರಲ್ಲ, ತಮ್ಮದೇ ಕಥೆ ಪರದೆಯ ಮೇಲೆ ಬರಲಿ ಎಂದು ಕೊಟ್ಟವರು.

ಎರಡೂ ಕಡೆ ಜನರ ಹಣದಿಂದಲೇ ಸಿನಿಮಾ ಆಯಿತು. ಆದರೆ ಎರಡು ಹಣ ಒಂದೇ ಅಲ್ಲ. ಒಂದರ ಜೊತೆ ಪಾಲಿನ ಮಾತು ಬಂತು, ಇನ್ನೊಂದರ ಜೊತೆ ಬರಲಿಲ್ಲ. ಮಾರಿಲಿಯನ್ ಅಭಿಮಾನಿಗಳದ್ದು ಮೂರನೆಯ ತರಹ, ಅಲ್ಲಿ ಕೊಟ್ಟ ಹಣಕ್ಕೆ ಸರಕು ಬರಬೇಕು. ನಮ್ಮ ಊರುಗಳಲ್ಲಿ ಜಾತ್ರೆಗೆ, ಉರುಸಿಗೆ ಪಟ್ಟಿ ಎತ್ತುತ್ತಾರಲ್ಲ, ಅದು ವಂತಿಗೆ. ಕೊಟ್ಟವರು ನನಗೇನು ಬಂತು ಎಂದು ಕೇಳುವುದಿಲ್ಲ, ಲೆಕ್ಕ ಮಾತ್ರ ಕೇಳುತ್ತಾರೆ. ನಮ್ಮ ಬ್ಯಾಂಡಿನವರು ಕರಪತ್ರದಲ್ಲಿ ಬರೆದದ್ದು ಏನು ನೋಡಿದರೆ: "ನಮ್ಮ ರೆಕಾರ್ಡಿಗೆ ಸಹಾಯ ಮಾಡಿ, ಟೀ ಶರ್ಟ್ ಪಡೆಯಿರಿ, ಲಾಭ ಬಂದರೆ ನಿಮಗೂ ಪಾಲು." ಮೂರು ಸಾಲಿನಲ್ಲಿ ದಾನ, ಮಾರಾಟ, ಬಂಡವಾಳ ಮೂರೂ ಕಲಸುಮೇಲೋಗರ!

ಅದನ್ನು ನಮ್ಮ ಅಕೌಂಟನ್ಸಿ ಸರ್‌ಗೆ ತೋರಿಸಿದೆ. ಅವರು ಕೊನೆಯ ಸಾಲಿಗೆ ಕೆಂಪು ಗೆರೆ ಎಳೆದರು. ಲಾಭದಲ್ಲಿ ಪಾಲು ಕೊಡುತ್ತೇವೆ ಎಂದು ಊರಿಗೆಲ್ಲ ಹೇಳಿ ಹಣ ಎತ್ತುವುದು ಆಟದ ಮಾತಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಕಂಪನಿ ಒಂದು ಆರ್ಥಿಕ ವರ್ಷದಲ್ಲಿ ಖಾಸಗಿಯಾಗಿ ಷೇರು ಕೊಡಲು 200ಕ್ಕಿಂತ ಹೆಚ್ಚು ಜನರನ್ನು ಕರೆಯುವಂತಿಲ್ಲ. ಮೀರಿದರೆ ಅದು ಸಾರ್ವಜನಿಕ ನೀಡಿಕೆ, ಅದಕ್ಕೆ ದೊಡ್ಡ ಕಂಪನಿಗಳಿಗೆ ಇರುವ ಕಟ್ಟುಪಾಡೆಲ್ಲ ಬೇಕು. ಹೀಗೆ ಜನರಿಂದ ಬಂಡವಾಳ ಸೇರಿಸುವುದರ ಬಗ್ಗೆ ಸೆಬಿ 2014ರಲ್ಲಿ ಒಂದು ಚರ್ಚಾ ಪತ್ರವನ್ನೂ ಹೊರಡಿಸಿತ್ತು. ನಮ್ಮ ಬ್ಯಾಂಡ್ ಕಂಪನಿಯೂ ಅಲ್ಲ, ಪಾಲುದಾರಿಕೆ ಪತ್ರವೂ ಇಲ್ಲ. ಲಾಭದ ಸಾಲು ಹೋಯಿತು. ಗಿಟಾರ್ ಅಣ್ಣನಿಗೆ ಸ್ವಲ್ಪ ಬೇಸರವಾಯಿತು. ಆ ಸಾಲು ಅವರೇ ಬರೆದದ್ದಂತೆ.

ಉಳಿದದ್ದು ಮಾರಾಟ. ಅಂದರೆ ಮುಂಗಡ. ಇಲ್ಲಿ ನಾವು ಫಸ್ಟ್ ಪಿಯುಸಿಯಲ್ಲೇ ಓದಿದ ಪಾಠ ಬರುತ್ತದೆ: ಮುಂಗಡವಾಗಿ ಬಂದ ಆದಾಯ. ಪರೀಕ್ಷೆಗಾಗಿ ನಾವೆಲ್ಲ ಬಾಯಿಪಾಠ ಮಾಡಿದ್ದೆವು, ಅದನ್ನು ಆದಾಯದಿಂದ ಕಳೆಯಬೇಕು, ಅಢಾವೆ ಪತ್ರಿಕೆಯಲ್ಲಿ ಹೊಣೆಗಳ ಕಡೆ ತೋರಿಸಬೇಕು ಎಂದು. ಏಕೆ ಎಂದು ನಾನು ಕೇಳಿರಲಿಲ್ಲ. ಕೈಯಲ್ಲಿರುವ ನಗದು ಹೊಣೆ ಹೇಗಾಗುತ್ತದೆ? ಈಗ ಅರ್ಥವಾಯಿತು. ನಗದು ಆಸ್ತಿಯೇ ಸರಿ. ಆದರೆ ಅದರ ಎದುರಿಗೆ ಅಷ್ಟೇ ಮೊತ್ತದ ಸಾಲ ನಿಂತಿದೆ. ಆ ಸಾಲವನ್ನು ದುಡ್ಡಿನಿಂದಲ್ಲ, ಹಾಡಿನಿಂದ ತೀರಿಸಬೇಕು. ರೆಕಾರ್ಡ್ ಅವರ ಕೈಗೆ ಮುಟ್ಟಿದ ದಿನ ಅದು ಆದಾಯ. ಅಲ್ಲಿಯವರೆಗೆ ಬ್ಯಾಂಡ್ ಒಂದು ರೂಪಾಯಿಯನ್ನೂ ಗಳಿಸಿಲ್ಲ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಅಬ್ಬಾ ನಕ್ಕುಬಿಟ್ಟರು. ಅವರಿಗೆ ಡ್ರಮ್ ಇಷ್ಟವಿಲ್ಲ, ಶೆಡ್ ಕೊಟ್ಟಿದ್ದೂ ಅಮ್ಮಿಯ ಒತ್ತಾಯಕ್ಕೆ. ಆದರೆ ಮುಂಗಡದ ವಿಷಯದಲ್ಲಿ ಅವರು ನಮ್ಮ ಪುಸ್ತಕಕ್ಕಿಂತ ಮುಂದೆ ಇದ್ದಾರೆ. ಬಾಗಿಲು, ಕಪಾಟು ಮಾಡಿಸುವವರು ಮೊದಲು ಅಡ್ವಾನ್ಸ್ ಕೊಡುತ್ತಾರೆ. ಅಬ್ಬಾ ಅದನ್ನು ಬೇರೆ ಡೈರಿಯಲ್ಲಿ ಬರೆಯುತ್ತಾರೆ, ಮನೆ ಖರ್ಚಿನ ಪಾಕೀಟಿಗೆ ಸೇರಿಸುವುದಿಲ್ಲ. "ಯೆ ಅಪ್ನೆ ಪೈಸೆ ನೈ, ಅಮಾನತ್ ಹೈ," ಇದು ನಮ್ಮ ಹಣವಲ್ಲ, ಅವರು ನಂಬಿ ಇಟ್ಟದ್ದು, ಎನ್ನುತ್ತಾರೆ. ಬಾಗಿಲು ಕೂರಿಸಿ ಗಿರಾಕಿ ಒಮ್ಮೆ ತೆಗೆದು ಹಾಕಿ ನೋಡಿದ ಮೇಲೆ ಮಾತ್ರ ಅದು ಅಂಗಡಿಯ ಹಣ. ಹಾಗಂತ ಅಡ್ವಾನ್ಸನ್ನು ಮುಟ್ಟುವುದೇ ಇಲ್ಲ ಎಂದಲ್ಲ. ಸಾಗವಾನಿ ತರಲು ಅದನ್ನೇ ಖರ್ಚು ಮಾಡುತ್ತಾರೆ. ಆದರೆ ಯಾರ ಅಡ್ವಾನ್ಸೋ ಅವರ ಬಾಗಿಲಿನ ಕಟ್ಟಿಗೆಗೆ ಮಾತ್ರ.

ಈ ಕೊನೆಯ ಮಾತೇ ದೊಡ್ಡದು. ಅದನ್ನು ಮರೆತ ಒಂದು ಸಂಸ್ಥೆ ಹೇಗೆ ಮುಳುಗಿತು ಎನ್ನುವುದನ್ನು ಹೇಳಲೇಬೇಕು. 2009ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೆಡ್ಜ್‌ಮ್ಯೂಸಿಕ್ ಎಂಬ ಸಂಸ್ಥೆ ಶುರುವಾಯಿತು. ಅಭಿಮಾನಿಗಳಿಂದ ಹಣ ಪಡೆದು ಕಲಾವಿದರಿಗೆ ಮುಟ್ಟಿಸುವುದು ಅದರ ಕೆಲಸ. ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಆದರೆ ಕಲಾವಿದರಿಗೆ ಸೇರಬೇಕಾದ ಹಣವನ್ನು ಬೇರೆ ಖಾತೆಯಲ್ಲಿ ಇಡದೆ, ಸಂಸ್ಥೆಯ ದಿನನಿತ್ಯದ ಖರ್ಚಿನ ಹಣದ ಜೊತೆಗೇ ಇಟ್ಟುಕೊಂಡಿತ್ತು. ಸಂಸ್ಥೆಗೆ ಕಷ್ಟ ಬಂದಾಗ ಆ ಹಣವೂ ಕರಗಿತು. 2018ರಿಂದ ಪಾವತಿ ನಿಲ್ಲುತ್ತಾ ಬಂದು, 2019ರಲ್ಲಿ ಸಂಸ್ಥೆ ಮುಚ್ಚಿಹೋಯಿತು. ಅಭಿಮಾನಿಗಳು ಹಣ ಕೊಟ್ಟಾಗಿತ್ತು, ಎಷ್ಟೋ ಬ್ಯಾಂಡುಗಳಿಗೆ ಅದು ಬರಲೇ ಇಲ್ಲ. ಕೆಲವರು ಕೈಯಿಂದ ಹಾಕಿ ರೆಕಾರ್ಡ್ ಮಾಡಿ ಕಳಿಸಿದರು. ಇಲ್ಲಿ ಕಳ್ಳತನ ಆಯಿತೋ ಇಲ್ಲವೋ ಎನ್ನುವುದಕ್ಕಿಂತ, ಎರಡು ಪಾಕೀಟು ಇರಬೇಕಾದ ಕಡೆ ಒಂದೇ ಇತ್ತು ಎನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನಮ್ಮ ಬ್ಯಾಂಡಿನವರೂ ಅದನ್ನೇ ಮಾಡಹೊರಟಿದ್ದರು. ಹಣ ಭಾಯಿಜಾನ್ ಅವರ ಸ್ವಂತ ಖಾತೆಗೆ ಬರುತ್ತಿತ್ತು, ಅವರ ಪಗಾರ, ಪೆಟ್ರೋಲು, ರಿಚಾರ್ಜ್ ಎಲ್ಲದರ ಜೊತೆ. ತಿಂಗಳ ಕೊನೆಗೆ ಯಾವುದು ಅಭಿಮಾನಿಗಳದ್ದು, ಯಾವುದು ಪಗಾರ ಎಂದು ಬೇರ್ಪಡಿಸಲು ನನಗೆ ಒಂದು ಸಂಜೆ ಹಿಡಿಯಿತು. ಆಮೇಲೆ ಇಬ್ಬರ ಹೆಸರಿನಲ್ಲಿ ಜಂಟಿ ಉಳಿತಾಯ ಖಾತೆ ತೆರೆಸಿದೆವು. ಹಣ ತೆಗೆಯಲು ಇಬ್ಬರ ಸಹಿ ಬೇಕು.

ಈಗ ಎಷ್ಟು ಹಣ ಕೇಳಬೇಕು ಎನ್ನುವ ಲೆಕ್ಕ. ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದು. ಸ್ಟುಡಿಯೋದವರು ನಮಗೆ ಹೇಳಿದ ದರ ಗಂಟೆಗೆ 700 ರೂಪಾಯಿ. ಐದು ಹಾಡಿಗೆ 30 ಗಂಟೆ ಎಂದರೆ 21,000. ಧ್ವನಿಗಳನ್ನು ಹದವಾಗಿ ಬೆರೆಸಿ ಕೊನೆಯ ರೂಪ ಕೊಡಲು ಹಾಡಿಗೆ 4,000ದಂತೆ 20,000. ಪಿಟೀಲು, ತಬಲಾ ನುಡಿಸಲು ಬರುವ ಇಬ್ಬರಿಗೆ 6,000. ಮುಖಪುಟದ ಚಿತ್ರ ಮತ್ತು ಬಿಡುಗಡೆಯ ಶುಲ್ಕ 3,000. ಟೆಂಪೋ ಬಾಡಿಗೆ 2,000. ಒಟ್ಟು 52,000. ಇದಕ್ಕೆ ಶೇಕಡಾ 15 ಸೇರಿಸು ಎಂದರು ಸರ್, 30 ಗಂಟೆ ಎಂದವರು 30 ಗಂಟೆಯಲ್ಲಿ ಮುಗಿಸಿದ್ದನ್ನು ತಾವು ನೋಡಿಲ್ಲವಂತೆ. ಹೀಗೆ 60,000 ಎಂದು ನಿಂತಿತು. ಶರೀಫರ ಪದಗಳಿಗೆ ಯಾರಿಗೂ ಹಣ ಕೊಡಬೇಕಿಲ್ಲ. ಅವರು ತೀರಿಕೊಂಡದ್ದು 1889ರಲ್ಲಿ, ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಬರೆದವರ ಕಾಲಾನಂತರ 60 ವರ್ಷ ಮಾತ್ರ. ಆದರೆ ನಾವೆಲ್ಲ ಗುನುಗುವ ಧಾಟಿ ಎಷ್ಟೋ ಸಲ ಸಿ. ಅಶ್ವಥ್ ಅವರದ್ದು. ಅಶ್ವಥ್ ಹೋದದ್ದು 2009ರಲ್ಲಿ, ಅವರು ಹಾಕಿದ ರಾಗಕ್ಕೆ ಹಕ್ಕು ಇನ್ನೂ ಇದೆ. ಆದ್ದರಿಂದ ನಮ್ಮವರು ಸ್ವಂತ ಧಾಟಿ ಹಾಕಿಕೊಂಡಿದ್ದಾರೆ. ಒಂದು ಚೆನ್ನಾಗಿದೆ. ಇನ್ನೊಂದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಟೀ ಶರ್ಟಿನ ಕಥೆ ಕೇಳಿ. ಮೊದಲ ಯೋಜನೆ ಪ್ರಕಾರ 500 ರೂಪಾಯಿ ಕೊಟ್ಟವರಿಗೆ ರೆಕಾರ್ಡಿನ ಜೊತೆ ಟೀ ಶರ್ಟ್. 120 ಜನ ಕೊಟ್ಟರೆ 60,000 ಆಯಿತಲ್ಲ ಎಂದು ಭಾಯಿಜಾನ್ ಲೆಕ್ಕ. ಆದರೆ ಟೀ ಶರ್ಟಿಗೆ 230, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 60. ಒಟ್ಟು 290 ಅಲ್ಲೇ ಹೋಯಿತು. ಸ್ಟುಡಿಯೋಗೆ ಉಳಿಯುವುದು 210. 60,000ವನ್ನು 210ರಿಂದ ಭಾಗಿಸಿದರೆ 286 ಜನ ಬೇಕು, 120 ಅಲ್ಲ. ಟೀ ಶರ್ಟ್ ಇಲ್ಲದೆ, ಹಾಡುಗಳನ್ನು ಎಲ್ಲರಿಗಿಂತ ಮೊದಲು ಮೊಬೈಲಿಗೆ ಕಳಿಸಿ, ಹೆಸರು ಹಾಕುತ್ತೇವೆ ಎಂದು ಬರೀ 200 ರೂಪಾಯಿ ಕೇಳಿದರೆ? ನಮಗೆ ತಗಲುವ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಆಗ ಬೇಕಾಗುವುದು 300 ಜನ. ಇನ್ನೂ 14 ಜನ ಹೆಚ್ಚು, ಅಷ್ಟೇ! ಮೊದಲನೆಯದರಲ್ಲಿ ಜನರ ಜೇಬಿನಿಂದ ಹೋಗುವುದು 1,43,000, ಎರಡನೆಯದರಲ್ಲಿ 60,000. ನಡುವಿನ 83,000 ಬಟ್ಟೆಗೂ ಕೊರಿಯರಿಗೂ. ನಾವು ಹಾಡಿಗೆ ಹಣ ಕೇಳಿ ಟೀ ಶರ್ಟ್ ವ್ಯಾಪಾರ ಮಾಡಿದಂತಾಗುತ್ತಿತ್ತು.

ಭಾಯಿಜಾನ್ ಸುಲಭಕ್ಕೆ ಒಪ್ಪಲಿಲ್ಲ. ಟೀ ಶರ್ಟ್ ಹಾಕಿಕೊಂಡು ಖಡೇ ಬಜಾರಿನಲ್ಲಿ ಒಬ್ಬ ತಿರುಗಾಡಿದರೆ ಅದು ಜಾಹೀರಾತಲ್ಲವೇ ಎಂದರು. ಆ ಮಾತಿನಲ್ಲಿ ಸತ್ಯ ಇದೆ, ನಮ್ಮ ಪುಸ್ತಕವೂ ಜಾಹೀರಾತು ವೆಚ್ಚವನ್ನು ಒಪ್ಪುತ್ತದೆ. ಕೊನೆಗೆ ಎರಡೂ ಇಟ್ಟೆವು: 200ಕ್ಕೆ ಹಾಡು ಮತ್ತು ಹೆಸರು, ಟೀ ಶರ್ಟ್ ಬೇಕಾದವರಿಗೆ 700. ಆಗ ಟೀ ಶರ್ಟಿನ ಒಬ್ಬರಿಂದ 410 ಉಳಿಯುತ್ತದೆ. ಸಿಡಿ ಮಾಡಿಸುವ ಆಸೆ ಹಾಡುವವರಿಗೆ ಬಹಳ ಇತ್ತು. ನಿಮ್ಮ ಮನೆಯಲ್ಲಿ ಸಿಡಿ ಹಾಕುವ ಯಂತ್ರ ಇದೆಯೇ ಎಂದು ಕೇಳಿದೆ. ಇರಲಿಲ್ಲ.

ನಿಜವಾದ ಜಗಳ ಆದದ್ದು ಸಿಂಬಲ್‌ಗಾಗಿ. ಡ್ರಮ್ಮಿನ ಜೊತೆ ಇರುವ ಕಂಚಿನ ತಾಟು ಅದು. ಭಾಯಿಜಾನ್ ಅವರದ್ದು ಅಂಚಿನಲ್ಲಿ ಸೀಳಿದೆ. 16,000ದಷ್ಟು ಹಣ ಸೇರಿದ ವಾರದಲ್ಲೇ ಯಾರೋ ಹಳೆಯ ಸಿಂಬಲ್ 9,000ಕ್ಕೆ ಕೊಡುತ್ತೇನೆ ಎಂದರು. "ಸೀಳಿದ ತಾಟಿನಲ್ಲಿ ರೆಕಾರ್ಡ್ ಮಾಡಿದರೆ ಹಣ ಕೊಟ್ಟವರಿಗೇ ಮೋಸ ಅಲ್ಲವಾ?" ಎಂದರು ಭಾಯಿಜಾನ್. ನಾನು ಬೇಡ ಎಂದೆ. ಏಕೆ ಬೇಡ ಎಂದು ಹೇಳಲು ನನಗೆ ಆ ಕ್ಷಣ ಬರಲಿಲ್ಲ. ರೆಕಾರ್ಡಿಗಾಗಿಯೇ ತಾನೇ?

ನನಗೆ ನೆನಪಾದದ್ದು ಅಮ್ಮಿಯ ಭಿಶಿ. ಬೆಳಗಾವಿ ಕಡೆ ಹೆಂಗಸರೆಲ್ಲ ಸೇರಿ ತಿಂಗಳಿಗಿಷ್ಟು ಎಂದು ಹಾಕಿ, ಸರದಿಯಂತೆ ಎತ್ತಿಕೊಳ್ಳುವ ಭಿಶಿ ನಿಮಗೂ ಗೊತ್ತು. ಮೂರು ವರ್ಷದ ಹಿಂದೆ ನಮ್ಮ ಗಲ್ಲಿಯ ಭಿಶಿಯ ಹಣ ಇಟ್ಟುಕೊಂಡಿದ್ದವರು, ಒಂದೇ ತಿಂಗಳಿಗೆ ಎಂದು ಅದರಿಂದ ಮನೆಯ ಸ್ಲ್ಯಾಬ್ ಹಾಕಿಸಿದರು. ಕೆಟ್ಟವರಲ್ಲ. ಈದ್‌ಗೆ ಶೀರ್ ಖುರ್ಮಾ ಕಳಿಸುತ್ತಿದ್ದವರು. ಆದರೆ ಆ ತಿಂಗಳು ಮುಗಿಯಲೇ ಇಲ್ಲ. ಅಮ್ಮಿಯ 12,000 ಅಲ್ಲಿ ನಿಂತಿತು, ನನ್ನ ಪಿಯು ಫೀಸಿಗೆ ಎಂದು ಇಟ್ಟದ್ದು. ಅಂದಿನಿಂದ ಅಮ್ಮಿ ಯಾವ ಭಿಶಿಗೂ ಸೇರಿಲ್ಲ. ಸಿಂಬಲ್ ವಿಷಯದಲ್ಲಿ ನನಗೆ ಕಂಡದ್ದು ಆ ಸ್ಲ್ಯಾಬ್.

ಮರುದಿನ ಸರ್ ಹತ್ತಿರ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದರು: ರೆಕಾರ್ಡ್ ಮುಗಿದ ಮೇಲೆ ಆ ತಾಟು ಯಾರ ಮನೆಯಲ್ಲಿ ಇರುತ್ತದೆ? ಭಾಯಿಜಾನ್ ಮನೆಯಲ್ಲಿ. ಹಾಗಾದರೆ ಅದು ರೆಕಾರ್ಡಿನ ಖರ್ಚಲ್ಲ, ಒಬ್ಬರ ಆಸ್ತಿ. ಬಂಡವಾಳ ವೆಚ್ಚ, ಆದಾಯ ವೆಚ್ಚ ಎಂದು ನಾವು ಬೇರೆ ಮಾಡುವುದು ಇದನ್ನೇ. ರೆಕಾರ್ಡಿಗೆ ಒಳ್ಳೆಯ ತಾಟು ಬೇಕು ಎನ್ನುವುದು ಸರಿ, ಬೇಕಾದ ಗಂಟೆಗಳಿಗೆ ಬಾಡಿಗೆ ತನ್ನಿ, ಆ ಬಾಡಿಗೆ ಖರ್ಚು ಎಂದರು. ಸ್ಟುಡಿಯೋಗೆ ಫೋನ್ ಮಾಡಿದರೆ ಅವರ ಬಳಿ ಒಂದು ಜೊತೆ ಇತ್ತು, ಬೇರೆ ಹಣವೂ ಕೊಡಬೇಕಿರಲಿಲ್ಲ. ಭಾಯಿಜಾನ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ರಸೀದಿ ಪುಸ್ತಕ ತಂದುಕೊಟ್ಟರು, ನಂಬರ್ ಅಚ್ಚಾದದ್ದು. ಕ್ಷಮೆಯ ಮಾತು ಬರಲಿಲ್ಲ. ಅದು ನಮ್ಮ ಮನೆಯ ಪದ್ಧತಿಯಲ್ಲಿ ಇಲ್ಲ.

ಒಳ್ಳೆಯ ಹೆಸರಿದ್ದವರೂ ಈ ವಿಷಯದಲ್ಲಿ ಎಡವುತ್ತಾರೆ. ಅಮೆರಿಕದ ಗಾಯಕಿ ಅಮಾಂಡಾ ಪಾಮರ್ 2012ರಲ್ಲಿ ಒಂದು ಲಕ್ಷ ಡಾಲರ್ ಕೇಳಿ ಸುಮಾರು 12 ಲಕ್ಷ ಡಾಲರ್ ಪಡೆದರು, ಸುಮಾರು 25,000 ಜನರಿಂದ. ಅದನ್ನು ಹೇಗೆ ಖರ್ಚು ಮಾಡುತ್ತೇನೆ ಎಂದು ಲೆಕ್ಕವನ್ನೂ ಪ್ರಕಟಿಸಿದರು. ಇಷ್ಟಾದರೂ ಊರೂರಿನ ಕಾರ್ಯಕ್ರಮಗಳಲ್ಲಿ ಸ್ಥಳೀಯ ವಾದ್ಯಗಾರರು ಬಂದು ಸಂಬಳವಿಲ್ಲದೆ ನುಡಿಸಲಿ ಎಂದು ಕರೆದಾಗ ಜನ ಸಿಟ್ಟಾದರು. ಅಷ್ಟು ಹಣ ಬಂದಿದೆಯಲ್ಲ ಎಂದು ಕೇಳಿದರು. ಕೊನೆಗೆ ಅವರಿಗೆ ಹಣ ಕೊಡಲು ಒಪ್ಪಬೇಕಾಯಿತು. ನಾವು ಪಿಟೀಲು, ತಬಲಾದವರಿಗೆ 6,000 ಬರೆದಿಟ್ಟದ್ದು ಈ ಕಥೆ ಓದಿದ ಮೇಲೆಯೇ. ಅದಕ್ಕೂ ಮುಂಚೆ ಆ ಜಾಗದಲ್ಲಿ "ಬಿರಿಯಾನಿ" ಎಂದು ಬರೆದಿತ್ತು.

ದಿನಾಂಕದ ವಿಷಯ ಒಂದು ಉಳಿಯಿತು. ಕಂಪನಿಗಳ ಠೇವಣಿ ನಿಯಮದಲ್ಲಿ (2014) ಒಂದು ಒಳ್ಳೆಯ ಅಂಶ ಇದೆ. ಸರಕಿಗಾಗಿ ಪಡೆದ ಮುಂಗಡಕ್ಕೆ 365 ದಿನದೊಳಗೆ ಸರಕು ಕೊಡಬೇಕು. ಕೊಡದೆ ಹಣ ಇಟ್ಟುಕೊಂಡರೆ ಸಾಮಾನ್ಯವಾಗಿ ಅದನ್ನು ಠೇವಣಿ ಎಂದೇ ನೋಡಲಾಗುತ್ತದೆ. ಆ ನಿಯಮ ನಮ್ಮಂಥ ನಾಲ್ಕು ಜನರ ಬ್ಯಾಂಡಿಗೆ ಬರೆದದ್ದಲ್ಲ, ಆದರೂ ಕರಪತ್ರಕ್ಕೆ ಅದನ್ನೇ ಎರವಲು ತಂದೆವು. ಈಗ ಕರಪತ್ರದಲ್ಲಿ ಇರುವುದು ಇಷ್ಟು: ಬೇಕಾದ ಮೊತ್ತ 60,000, ಅದು ಎಲ್ಲೆಲ್ಲಿಗೆ ಹೋಗುತ್ತದೆ, ಕೊನೆಯ ದಿನಕ್ಕೆ ಗುರಿ ಮುಟ್ಟದಿದ್ದರೆ ಪೂರ್ತಿ ವಾಪಸ್, ಮುಟ್ಟಿದರೆ ಒಂದು ವರ್ಷದೊಳಗೆ ಹಾಡು. ಲಾಭದ ಮಾತು ಇಲ್ಲ. ಟೀ ಶರ್ಟಿನ ಹಣದಲ್ಲಿ ಟೀ ಶರ್ಟಿಗೆ ಎಷ್ಟು ಹೋಗುತ್ತದೆ ಎನ್ನುವುದನ್ನೂ ಬರೆದಿದ್ದೇವೆ. ಅದನ್ನು ಓದಿ ಇಬ್ಬರು 700ರಿಂದ 200ಕ್ಕೆ ಇಳಿದರು. ಒಬ್ಬರು 500 ಕೊಟ್ಟು ಟೀ ಶರ್ಟ್ ಬೇಡ ಎಂದರು. ಹೆಚ್ಚುವರಿ 300ನ್ನು ಏನೆಂದು ಬರೆಯಬೇಕು ಎಂದು ಮತ್ತೆ ಅರ್ಧ ಗಂಟೆ ಕುಳಿತೆ. ವಂತಿಗೆ ಎಂದು ಬೇರೆ ಸಾಲಿನಲ್ಲಿ ಬರೆದೆ.

ಈ ಲೇಖನ ಬರೆಯುವ ಹೊತ್ತಿಗೆ 53 ಜನರಿಂದ 16,900 ರೂಪಾಯಿ ಬಂದಿದೆ. ಕೊನೆಯ ದಿನಕ್ಕೆ ಆರು ವಾರ ಇದೆ. ಸೇರುತ್ತದೋ ಇಲ್ಲವೋ ಹೇಳಲಾರೆ. ಭಾಯಿಜಾನ್ ಸೇರುತ್ತದೆ ಎನ್ನುತ್ತಾರೆ, ಗಿಟಾರ್ ಅಣ್ಣ ಮೌನವಾಗಿದ್ದಾರೆ. ನೋಟ್‌ಬುಕ್ಕಿನಲ್ಲಿ ಹಣದ ಎದುರಿಗೆ ಈಗ ಎರಡು ಕಲಂ ಇವೆ, ಒಂದು ಬಂದದ್ದು, ಇನ್ನೊಂದು ಕೊಡಬೇಕಾದದ್ದು. ಎರಡನೆಯ ಕಲಂ ಸದ್ಯಕ್ಕೆ ಮೇಲಿನಿಂದ ಕೆಳಗಿನವರೆಗೆ ತುಂಬಿದೆ.

ನಿನ್ನೆ ರಾತ್ರಿ ನಾನು ಲೆಕ್ಕ ಬರೆಯುತ್ತಿದ್ದಾಗ ಅಮ್ಮಿ ಬಂದು 200ರ ನೋಟು ಮೇಜಿನ ಮೇಲೆ ಇಟ್ಟರು. ಮನೆಯವರಿಗೆ ಪುಕ್ಕಟೆ ಎಂದೆ. ಕೇಳಲಿಲ್ಲ. 54ನೆಯ ರಸೀದಿ ಬರೆದುಕೊಟ್ಟೆ. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಅದರ ಮೇಲಿನ ನಂಬರನ್ನೂ ಮೊತ್ತವನ್ನೂ ಎರಡು ಸಲ ನೋಡಿ, ಕೊನೆಯ ದಿನ ಯಾವುದು ಎಂದು ಕೇಳಿ ತಿಳಿದುಕೊಂಡು, ರೇಷನ್ ಕಾರ್ಡ್ ಇರುವ ಡಬ್ಬಿಯಲ್ಲಿ ಮಡಚಿ ಇಟ್ಟರು.